ಆನೆಯ ಪಕ್ಕದಲ್ಲಿ ಕುದುರೆ

ಮೈಸೂರಿನಲ್ಲಿ ದಸರಾ ಹತ್ತಿರವಾದಂತೆ ಕುಶಾಲತೋಪಿನ ತಾಲೀಮು ನೋಡಲು ಜನ ಸೇರುತ್ತಾರೆ. ಎಲ್ಲರ ಕಣ್ಣೂ ಫಿರಂಗಿಯ ಬೆಂಕಿಯ ಮೇಲೆ. ಆದರೆ ಅಲ್ಲಿ ನಿಜವಾಗಿ ನೋಡಬೇಕಾದದ್ದು ಅದರಿಂದ ತುಸು ದೂರದಲ್ಲಿದೆ. ಒಂದೆಡೆ ಸಾಲಾಗಿ ನಿಂತ ಗಜಪಡೆ, ಇನ್ನೊಂದೆಡೆ ಪೊಲೀಸ್ ಅಶ್ವಾರೋಹಿ ದಳದ ಕುದುರೆಗಳು. ಹುಟ್ಟಿನಿಂದ ಒಂದಕ್ಕೊಂದು ಏನೂ ಅಲ್ಲದ ಎರಡು ಪ್ರಾಣಿಗಳು ಅಕ್ಕಪಕ್ಕ ನಿಂತು ಒಂದೇ ಸಿಡಿಲನ್ನು ತಡೆದುಕೊಳ್ಳುತ್ತವೆ. ಆ ಫೋಟೊ ಮೊಬೈಲಿನಿಂದ ಮೊಬೈಲಿಗೆ ಹೋಗುವಾಗ ಅದಕ್ಕೆ ‘ಆನೆ–ಕುದುರೆ ಸ್ನೇಹ’ ಎಂಬ ಹೆಸರು ಸುಲಭವಾಗಿ ಅಂಟಿಕೊಳ್ಳುತ್ತದೆ. ಆ ಹೆಸರಿಗೆ ಈ ತಾಲೀಮು ಎಷ್ಟು ಅರ್ಹ ಎಂದು ಕೇಳಿಕೊಳ್ಳಬೇಕಿದೆ.

ಕಂಡರಿಯದ ಆನೆಯ ಹತ್ತಿರ ಹೋಗಲು ಕುದುರೆ ಒಪ್ಪುವುದಿಲ್ಲ. ಈ ಅಂಜಿಕೆ ಚರಿತ್ರೆಯ ದಿಕ್ಕನ್ನೇ ತಿರುಗಿಸಿದ್ದುಂಟು. ಕ್ರಿ.ಪೂ. 301ರ ಇಪ್ಸಸ್ ಕದನದಲ್ಲಿ ಸೆಲ್ಯೂಕಸ್ ತನ್ನ ಆನೆಗಳನ್ನು ಅಡ್ಡ ನಿಲ್ಲಿಸಿ, ಮುನ್ನುಗ್ಗಿ ಹೋಗಿದ್ದ ಎದುರಾಳಿ ಡಿಮೆಟ್ರಿಯಸ್‌ನ ಅಶ್ವದಳ ಹಿಂದಿರುಗಿ ಬರದಂತೆ ಮಾಡಿದ. ಆ ಆನೆಗಳು ಅವನಿಗೆ ಸಿಕ್ಕಿದ್ದು ಚಂದ್ರಗುಪ್ತ ಮೌರ್ಯನಿಂದ. ನಮ್ಮಲ್ಲೋ ರಥ, ಗಜ, ತುರಗ, ಪದಾತಿ ಎಂದು ಒಂದೇ ಉಸಿರಿಗೆ ಹೇಳಿಬಿಡುತ್ತೇವೆ. ಗಜವನ್ನೂ ತುರಗವನ್ನೂ ಒಂದೇ ಸೈನ್ಯದಲ್ಲಿ ನಡೆಸಲು ಮಾವುತರೂ ರಾವುತರೂ ಎಷ್ಟು ದುಡಿದಿರಬೇಕು ಎಂಬುದು ಆ ಮಾತಿನಲ್ಲಿ ಮರೆಯಾಗುತ್ತದೆ. ಸೋಮನಾಥಪುರದ ಕೇಶವ ದೇವಾಲಯದ ಗೋಡೆಯ ತಳದಲ್ಲಿ ಆನೆಗಳ ಸಾಲಿದೆ, ಅದರ ಮೇಲೆ ಕುದುರೆ ಸವಾರರ ಸಾಲು. ಶಿಲ್ಪಿ ಎರಡಕ್ಕೂ ಬೇರೆ ಬೇರೆ ಪಟ್ಟಿ ಕೊಟ್ಟ. ದಸರಾ ಮೆರವಣಿಗೆಯಾದ ಜಂಬೂಸವಾರಿಯಲ್ಲಿ ಆ ಅನುಕೂಲವಿಲ್ಲ. ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿಲೋಮೀಟರ್ ದೂರವನ್ನು ಎರಡೂ ಒಂದೇ ರಸ್ತೆಯಲ್ಲಿ ನಡೆಯಬೇಕು.

ತಾಲೀಮಿನ ಒಳ್ಳೆಯ ಗುಣ ಅದರ ನಿಧಾನದಲ್ಲಿದೆ. ವೀರನಹೊಸಹಳ್ಳಿಯಿಂದ ಗಜಪಯಣದಲ್ಲಿ ಹೊರಟು ಬಂದ ಆನೆಗಳು ಮೊದಲು ಬರಿಮೈಯಲ್ಲಿ ನಡೆಯುತ್ತವೆ. ಆಮೇಲೆ ಮರಳು ಮೂಟೆ, ಆಮೇಲೆ ಮರದ ಅಂಬಾರಿ, ಕೊನೆಗೆ 750 ಕಿಲೋ ತೂಕದ ಚಿನ್ನದ ಅಂಬಾರಿ. ಕುಶಾಲತೋಪಿಗೂ ಇದೇ ಕ್ರಮ: ದೂರದಿಂದ ಶುರುವಾಗಿ ಹತ್ತಿರಕ್ಕೆ. ವಿಜಯದಶಮಿಯ ದಿನ ರಾಷ್ಟ್ರಗೀತೆಯ ಹೊತ್ತಿಗೆ 7 ಫಿರಂಗಿಗಳಿಂದ 21 ಗುಂಡು ಹಾರುವಾಗ ಯಾವ ಪ್ರಾಣಿಯೂ ಬೆಚ್ಚಬಾರದು. ಹೊಸ ಆನೆಯ ಪಕ್ಕಕ್ಕೆ ಹಳೆಯದನ್ನು ನಿಲ್ಲಿಸುವುದು, ಮಾವುತ–ಕಾವಾಡಿಗಳು ಸೊಂಡಿಲು ಸವರುತ್ತ ಮಾತಾಡಿಸುವುದು, ಇವು ಯಾವ ಪುಸ್ತಕ ಓದಿಯೂ ಬಂದ ವಿದ್ಯೆಯಲ್ಲ. ಅಂಬಾರಿ ಹೊತ್ತ ಆನೆಯ ಎರಡೂ ಬದಿಗೆ ಕುಮ್ಕಿ ಹೆಣ್ಣಾನೆಗಳನ್ನು ನಡೆಸುವ ರೂಢಿಯ ಹಿಂದೆಯೂ ಇದೇ ತಿಳಿವಳಿಕೆಯಿದೆ. ಜೊತೆಯಿದ್ದರೆ ಭಯ ಇಳಿಯುತ್ತದೆ.

ಆದರೆ ಈ ತಿಳಿವಳಿಕೆ ಆನೆಗಳ ನಡುವೆಯೇ ನಿಂತುಬಿಟ್ಟಿದೆ ಎಂಬುದು ನನ್ನ ತಕರಾರು. ಮುಂಜಾನೆಯ ನಡಿಗೆಯ ತಾಲೀಮು ಬಹುಮಟ್ಟಿಗೆ ಆನೆಗಳದ್ದೇ. ಕುದುರೆಗಳು ಹೆಚ್ಚಾಗಿ ಬಂದು ಸೇರುವುದು ಫಿರಂಗಿಯ ದಿನ, ಮತ್ತೆ ಕೊನೆಯ ಪೂರ್ವಾಭ್ಯಾಸಗಳಲ್ಲಿ. ಎಂದರೆ ಎರಡು ಜಾತಿಗಳು ಒಂದನ್ನೊಂದು ಹತ್ತಿರದಿಂದ ಅರಿಯುವ ಗಳಿಗೆಯೇ ಹೆದರಿಕೆಯ ಗಳಿಗೆಯಾಗುತ್ತದೆ. ಆನೆ ಸದ್ದನ್ನು ಕಿವಿಯಿಂದಷ್ಟೇ ಅಲ್ಲ, ಅಂಗಾಲಿನಿಂದಲೂ ಕೇಳುತ್ತದೆ. ನೆಲ ನಡುಗಿದ್ದು ಅದಕ್ಕೆ ಗೊತ್ತಾಗುತ್ತದೆ. ಕುದುರೆಗೆ ಕಣ್ಣುಗಳು ತಲೆಯ ಎರಡು ಪಕ್ಕಕ್ಕಿದ್ದು, ಬೆನ್ನ ಹಿಂದಿನ ಮತ್ತು ಮೂಗಿನ ನೇರ ಮುಂದಿನ ಒಂದಿಷ್ಟು ಜಾಗ ಬಿಟ್ಟು ಸುತ್ತಲಿನದೆಲ್ಲ ಕಾಣುತ್ತದೆ. ಗುಂಡು ಹಾರಿದ ಕ್ಷಣದಲ್ಲಿ ಬೆಟ್ಟದಂಥ ಮೈಯೊಂದು ಪಕ್ಕದಲ್ಲಿ ಅಲುಗಿದರೆ, ಅದು ಸದ್ದಿನ ಮೇಲೆ ಇನ್ನೊಂದು ಭಯ. ಹೊಸ ಆನೆಗಳ ಕಾಲಿಗೆ ಸರಪಳಿ ಬಿಗಿದು ನಿಲ್ಲಿಸುವುದು ಜನರ ಸುರಕ್ಷತೆಗೆ ಬೇಕು, ಒಪ್ಪುತ್ತೇನೆ. ಆದರೆ ಸರಪಳಿಯ ಮೇಲೆ ನಿಂತ ನೆರೆತನವನ್ನು ಸ್ನೇಹ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹೋಲಿಸಿ ನೋಡಲು ಬಂಡೀಪುರ ದೂರವೇನಿಲ್ಲ. ಅಲ್ಲಿ ಮುಸುವಗಳು ಮರದ ಮೇಲೆ ಕೂತು ಅರ್ಧ ತಿಂದ ಎಲೆ, ಹಣ್ಣು ಚೆಲ್ಲುತ್ತವೆ. ಕೆಳಗೆ ಚುಕ್ಕೆ ಜಿಂಕೆಗಳು ಅದನ್ನು ಮೇಯುತ್ತವೆ. ಹುಲಿ, ಚಿರತೆ ಸುಳಿದರೆ ಮೇಲಿನಿಂದ ಮುಸುವ ಕೂಗುತ್ತದೆ, ಜಿಂಕೆ ಕಿವಿ ನಿಮಿರಿಸುತ್ತದೆ. ಜಿಂಕೆ ಕೂಗಿದರೂ ಮುಸುವ ಎಚ್ಚರಗೊಳ್ಳುತ್ತದೆ. ಅಲ್ಲಿ ಮಾವುತನಿಲ್ಲ. ಬೇಡವೆನಿಸಿದರೆ ಯಾರು ಬೇಕಾದರೂ ಎದ್ದು ಹೋಗಬಹುದು, ಆದರೂ ಜೊತೆಗಿರುತ್ತವೆ. ಆ ಒಡನಾಟಕ್ಕೆ ಸ್ನೇಹವೆಂಬ ಹೆಸರು ಹೆಚ್ಚು ಸಲ್ಲುತ್ತದೆ.

ಹಾಗೆಂದು ದಸರಾದ ಆನೆ–ಕುದುರೆಗಳನ್ನು ಬೇರ್ಪಡಿಸಿ ಎನ್ನುತ್ತಿಲ್ಲ. ಅರಮನೆಯ ನವರಾತ್ರಿ ಪೂಜೆಗೆ ಪಟ್ಟದ ಆನೆ, ಪಟ್ಟದ ಕುದುರೆ, ಪಟ್ಟದ ಹಸು ಒಂದೇ ಅಂಗಳಕ್ಕೆ ಬರುತ್ತವೆ. ಈ ಊರಿಗೆ ಅವುಗಳನ್ನು ಜೊತೆಯಾಗಿ ನೋಡುವುದು ಬೇಕು, ನನಗೂ ಬೇಕು. ಕೋವಿಡ್‌ನ 2020ರಲ್ಲಿ ಮೆರವಣಿಗೆ ಅರಮನೆಯ ಆವರಣದೊಳಗೇ ಮುಗಿದಾಗ ಬೀದಿಯಲ್ಲಿ ಉಳಿದ ಖಾಲಿತನ ಮೈಸೂರಿನವರಿಗೆ ನೆನಪಿದೆ. ಬದಲಾಗಬೇಕಾದದ್ದು ಪರಿಚಯದ ಕ್ರಮ. ಗಜಪಡೆ ಬಂದ ಮೊದಲ ವಾರದಿಂದಲೇ ಒಂದೆರಡು ಅನುಭವಿ ಕುದುರೆಗಳು ಬೆಳಗಿನ ನಡಿಗೆಯಲ್ಲಿ ದೂರದಿಂದ ಹಿಂಬಾಲಿಸಲಿ. ದಿನ ಕಳೆದಂತೆ ಅಂತರ ಕಡಿಮೆಯಾಗಲಿ. ಆನೆಗಳು ಕುಸುರೆ ಮೇವು ತಿನ್ನುತ್ತ ಹಾಯಾಗಿರುವ ಹೊತ್ತಿನಲ್ಲಿ ಕುದುರೆಗಳನ್ನು ಆಚೆಯಿಂದ ನಡೆಸಿಕೊಂಡು ಹೋಗಲಿ. ಯಾವ ಕುದುರೆ ಯಾವ ಆನೆಯ ಹತ್ತಿರ ಹಗುರವಾಗಿ ನಿಲ್ಲುತ್ತದೆ ಎಂದು ಮಾವುತರೂ ಸವಾರರೂ ಕೂತು ಮಾತಾಡಿ, ಮೆರವಣಿಗೆಯ ಸಾಲನ್ನು ಅದರ ಮೇಲೆ ಗೊತ್ತುಮಾಡಲಿ. ಫಿರಂಗಿ ತಾಲೀಮಿನ ದಿನ ನೋಡುಗರನ್ನೂ ಕ್ಯಾಮೆರಾಗಳನ್ನೂ ಇನ್ನಷ್ಟು ಹಿಂದೆ ನಿಲ್ಲಿಸಲಿ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ದೊಡ್ಡ ಅನುದಾನವೂ ಬೇಕಿಲ್ಲ. ಅರಣ್ಯ ಇಲಾಖೆ ಮತ್ತು ಪೊಲೀಸ್ ಇಲಾಖೆ ಆಗಸ್ಟಿನಲ್ಲೇ ಒಂದು ವೇಳಾಪಟ್ಟಿ ಹಾಕಿಕೊಂಡರೆ ಸಾಕು.