ಕಾಟು ಮಾವಿನ ಸಾಸಿವೆ

ಒಳ್ಳೆಯ ಹಣ್ಣಿಗೆ ಸಕ್ಕರೆ, ಹಾಲು ಬೆರೆಸಿದರೆ ಅದರ ರುಚಿ ಮಂಕಾಗುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ಉಪ್ಪು, ಖಾರ, ಘಾಟು ಎದುರಾದಾಗಲೇ ಹಣ್ಣಿನ ಪರಿಮಳ ಪೂರ್ತಿ ಬಿಚ್ಚಿಕೊಳ್ಳುವುದು. ದಕ್ಷಿಣ ಕನ್ನಡ, ಉಡುಪಿ ಕಡೆಯ ಮನೆಗಳಲ್ಲಿ ಮೇ ತಿಂಗಳಲ್ಲಿ ಮಾಡುವ ಮಾವಿನ ಹಣ್ಣಿನ ಸಾಸಿವೆಯನ್ನು ಉಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಣಮೆಣಸು ಹುರಿಯುವ ಎರಡು ನಿಮಿಷ ಬಿಟ್ಟರೆ ಇದರಲ್ಲಿ ಒಲೆಗೆ ಕೆಲಸವೇ ಇಲ್ಲ. ಮೆಣಸ್ಕಾಯಿ ಎಂಬ ಇನ್ನೊಂದು ಅಡುಗೆಯಲ್ಲಿ ಹಣ್ಣು ಬೇಯುತ್ತದೆ, ಅದರ ರುಚಿಯೇ ಬೇರೆ. ಸಾಸಿವೆಯಲ್ಲಿ ಮಾವು ಮರದಿಂದ ಬಿದ್ದ ಹಾಗೆಯೇ ಇರುತ್ತದೆ.

ಇದಕ್ಕೆ ಕಾಟು ಮಾವೇ ಆಗಬೇಕು. ಕಸಿ ಮಾಡದ, ಗುಡ್ಡದಲ್ಲೋ ತೋಟದ ಅಂಚಿನಲ್ಲೋ ತಾನಾಗಿ ಎದ್ದ ಮರದ್ದು. ಒಂದೊಂದು ಮರದ ಹಣ್ಣಿಗೂ ಒಂದೊಂದು ರುಚಿ. ಮುಷ್ಟಿಗಿಂತ ಚಿಕ್ಕದು, ನಾರು ಹೆಚ್ಚು, ಸಿಹಿಯ ಬೆನ್ನಿಗೇ ಹುಳಿ. ತೊಟ್ಟಿನ ತುದಿ ಕತ್ತರಿಸಿ ಸೊನೆ ತೊಳೆದು ಸಿಪ್ಪೆ ಸುಲಿಯಬೇಕು. ಸಿಪ್ಪೆಯನ್ನು ಎಸೆದುಬಿಡುವುದು ದೊಡ್ಡ ನಷ್ಟ. ಅದಕ್ಕೆ ಅಂಟಿದ ರಸವೇ ಎಲ್ಲಕ್ಕಿಂತ ಘಮ. ಸ್ವಲ್ಪ ನೀರಿನಲ್ಲಿ ಕಿವುಚಿ ಹಿಂಡಿಕೊಂಡರೆ ಬಟ್ಟಲಿಗೆ ಕೇಸರಿ ಬಣ್ಣ ಇಳಿಯುತ್ತದೆ. ಆ ರಸಕ್ಕೆ ಹಣ್ಣನ್ನು ಗೊರಟಿನ ಸಮೇತ ಹಾಕಿ, ಕೈಯಲ್ಲೇ ಮೆಲ್ಲಗೆ ಹಿಸುಕಿ, ಉಪ್ಪು, ಬೆಲ್ಲ ಸೇರಿಸಿ ಇಡಬೇಕು. ಬೆಲ್ಲ ಎಷ್ಟು ಎಂಬುದನ್ನು ನಾಲಿಗೆಯೇ ಹೇಳಬೇಕು.

ಜೀವಾಳವಿರುವುದು ಅರಪ್ಪಿನಲ್ಲಿ, ಅಂದರೆ ರುಬ್ಬಿದ ಮಸಾಲೆಯಲ್ಲಿ. ಏಳೆಂಟು ಹಣ್ಣಿಗೆ ಒಂದು ಬಟ್ಟಲು ಹಸಿ ತೆಂಗಿನತುರಿ, ಎರಡು ಮೂರು ಬ್ಯಾಡಗಿ ಮೆಣಸು, ಅರ್ಧ ಚಮಚ ಸಾಸಿವೆ ಕಾಳು. ಕಾಯಿ, ಮೆಣಸು ಬೆಣ್ಣೆಯಂತೆ ನುಣ್ಣಗಾದ ಮೇಲೆ, ಕಟ್ಟಕಡೆಗೆ ಕಾಳು ಹಾಕಿ ಎರಡು ಸುತ್ತು ತಿರುಗಿಸಿದರೆ ಸಾಕು. ಹೆಚ್ಚು ಅರೆದರೆ ಕಹಿ. ಇಡೀ ಕಾಳಿಗೆ ಘಾಟಿಲ್ಲ. ಒಡೆದು ನೀರು ತಾಗಿದಾಗ ಅದರೊಳಗಿನ ಕಿಣ್ವವೊಂದು ಎಚ್ಚರಗೊಂಡು ಆ ಘಾಟನ್ನು ಹುಟ್ಟಿಸುತ್ತದೆ. ಆದ್ದರಿಂದ ರುಬ್ಬಲು ತಣ್ಣೀರೇ ಬೇಕು, ಬಿಸಿನೀರಿಗೆ ಆ ಕಿಣ್ವ ಸತ್ತುಹೋಗುತ್ತದೆ. ಹುರಿದ ಕಾಳು ಹಾಕುವ ಮನೆಗಳೂ ಉಂಟು, ಅಲ್ಲಿ ಸಾಸಿವೆ ಸೌಮ್ಯ. ನನಗೆ ಹಸಿಯದೇ ಇಷ್ಟ. ಮೆಣಸಿನ ಖಾರ ನಾಲಿಗೆಯಲ್ಲೇ ಕೂರುತ್ತದೆ, ಹಸಿ ಸಾಸಿವೆಯದು ನೇರ ಮೂಗಿಗೇರಿ, ಕಣ್ಣಂಚು ಒದ್ದೆ ಮಾಡಿ, ಅಷ್ಟೇ ಬೇಗ ಇಳಿದುಹೋಗುತ್ತದೆ. ಅದು ಇಳಿದ ಮರುಕ್ಷಣ ಮಾವಿನ ಸಿಹಿ ಬಂದು ನಿಲ್ಲುತ್ತದೆ. ಬರೀ ಹಣ್ಣು ತಿಂದಾಗ ಆ ಸಿಹಿ ಅಷ್ಟು ಸ್ಪಷ್ಟವಾಗಿ ಎಂದೂ ಸಿಕ್ಕಿಲ್ಲ.

ಅರಪ್ಪು ಬೆರೆಸಿ ಕಾಲು ಗಂಟೆಯೊಳಗೆ ಎಲೆಗೆ ಬಡಿಸಬೇಕು. ತಡವಾದಷ್ಟೂ ಘಾಟು ಆರುತ್ತದೆ. ಸಂಜೆಯವರೆಗೆ ಇಟ್ಟರೆ ಮೇ ತಿಂಗಳ ಸೆಕೆಗೆ ಹಸಿಕಾಯಿ ಹಳಸುತ್ತದೆ. ಕೊಬ್ಬರಿ ಎಣ್ಣೆಯ ಒಗ್ಗರಣೆ ಕೊಡುವವರೂ ಇದ್ದಾರೆ. ಆ ಎಣ್ಣೆಯ ಪರಿಮಳ ಹಣ್ಣಿನದನ್ನು ಮುಚ್ಚುವುದರಿಂದ ನನಗದು ಬೇಡ. ಬಿಸಿ ಕುಚ್ಚಲಕ್ಕಿ ಅನ್ನಕ್ಕೆ ಈ ತಣ್ಣನೆಯ ಸಾಸಿವೆ ಕಲಸಿ ಉಂಡು, ಗೊರಟನ್ನು ನಾರು ಬೆಳ್ಳಗಾಗುವವರೆಗೆ ಚೀಪಬೇಕು. ಅದಕ್ಕೆ ನಾಚಿಕೊಳ್ಳುವವರು ಅರ್ಧ ಊಟವನ್ನು ಎಲೆಯಲ್ಲೇ ಬಿಟ್ಟು ಏಳುತ್ತಾರೆ.

ಕೊಂಕಣಿ ಮನೆಗಳಲ್ಲಿ ಇದೇ ಅರಪ್ಪಿಗೆ ಮಾವಿನ ಜೊತೆ ಅನಾನಸು, ದ್ರಾಕ್ಷಿಯನ್ನೂ ಸೇರಿಸಿ ಸಾಸಂ ಮಾಡುತ್ತಾರೆ. ಬೆಂಗಳೂರಿನಲ್ಲಿ ಕಾಟು ಮಾವಿಗೆ ಪರದಾಡುವವರು ಅವರ ದಾರಿ ಹಿಡಿಯಬಹುದು. ಬಾದಾಮಿ ಮಾವು ಬರೀ ಸಿಹಿ, ಅರಪ್ಪಿನಲ್ಲಿ ಕರಗಿಯೇ ಹೋಗುತ್ತದೆ. ಪುಟ್ಟ ಸಕ್ಕರೆಗುತ್ತಿ ವಾಸಿ, ಚೀಪಲು ಗೊರಟಾದರೂ ಉಂಟು. ಅದರಲ್ಲಿ ಕಡಿಮೆಯಾಗುವ ಹುಳಿಯನ್ನು ನಾಲ್ಕು ತುಂಡು ಅನಾನಸು ತುಂಬಿಕೊಡುತ್ತದೆ. ಬೆಲ್ಲವನ್ನು ಮಾತ್ರ ಅರ್ಧಕ್ಕೆ ಇಳಿಸಿ.