ಪರಮಾಣುವಿನ ಚಿತ್ರ: ಭಾವಚಿತ್ರವೋ, ಲೆಕ್ಕದ ಪುಟವೋ?

ರಸಾಯನಶಾಸ್ತ್ರವನ್ನು ಕಲಿಯತೊಡಗಿದ ಪ್ರತಿಯೊಬ್ಬ ವಿದ್ಯಾರ್ಥಿಗೂ ಪರಿಚಿತವಾದ ಚಿತ್ರವೊಂದುಂಟು. ನಡುವೆ ಒಂದು ಚಿಕ್ಕ ವೃತ್ತ, ಅದರೊಳಗೆ ಧಾತುವಿನ ಸಂಕೇತ. ಸುತ್ತಲೂ ಕೈವಾರದಿಂದ ಎಳೆದ ಎರಡು ಮೂರು ವೃತ್ತಗಳು. ಆ ವೃತ್ತಗಳ ಮೇಲೆ ಎಣಿಸಿ ಇಟ್ಟ ಚುಕ್ಕಿಗಳು. ಸೋಡಿಯಮ್ಮಿಗೆ ಎರಡು, ಎಂಟು, ಒಂದು. ಕ್ಲೋರಿನ್ನಿಗೆ ಎರಡು, ಎಂಟು, ಏಳು. ಬಹುಕಾಲ ಬಳಕೆಯಲ್ಲಿದ್ದ ಎನ್.ಸಿ.ಇ.ಆರ್.ಟಿ. ಒಂಬತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಮೊದಲ 18 ಧಾತುಗಳ ಇಂಥ ಚಿತ್ರಗಳು ಒಂದೇ ಪಟದಲ್ಲಿ ಸಾಲುಗೊಂಡಿವೆ. ಪರೀಕ್ಷೆಯಲ್ಲಿ ಸುಲಭವಾಗಿ ಅಂಕ ದೊರಕಿಸುವ ಈ ಚಿತ್ರವನ್ನು ವಿಮರ್ಶೆಯ ಕಣ್ಣಿನಿಂದ ನೋಡುವವರು ಕಡಮೆ. ಆದರೆ ಚಿತ್ರವೂ ಒಂದು ಭಾಷೆಯೇ. ಅದಕ್ಕೂ ವಾಚ್ಯಾರ್ಥ, ಲಕ್ಷ್ಯಾರ್ಥಗಳುಂಟು. ಗಂಗೆಯಲ್ಲಿ ಗೊಲ್ಲರ ಹಟ್ಟಿಯಿದೆ ಎಂದರೆ ಪ್ರವಾಹದೊಳಗಲ್ಲ, ದಡದ ಮೇಲೆ ಎಂದು ತಿಳಿಯಬೇಕೆಂದು ನಮ್ಮ ಆಲಂಕಾರಿಕರು ಕಲಿಸಿದರು. ಪರಮಾಣುವಿನ ಚಿತ್ರವನ್ನು ಓದುವಾಗ ಮಾತ್ರ ಮಕ್ಕಳನ್ನು ಪ್ರವಾಹದೊಳಕ್ಕೇ ಇಳಿಸಲಾಗುತ್ತಿದೆ.

ಈ ಚಿತ್ರಕ್ಕೆ ಸಾಮಾನ್ಯವಾಗಿ ನೀಲ್ಸ್ ಬೋರ್ ಅವರ ಹೆಸರನ್ನು ಅಂಟಿಸುವುದು ವಾಡಿಕೆ. ಇದು ಅರ್ಧ ಸತ್ಯ. ಪರಮಾಣುವಿನ ಧನವಿದ್ಯುತ್ತೆಲ್ಲ ನಡುವಣ ಅತಿ ಸಣ್ಣ ನ್ಯೂಕ್ಲಿಯಸ್ಸಿನಲ್ಲಿ ಅಡಗಿದೆಯೆಂದು 1911ರಲ್ಲಿ ರುದರ್‌ಫರ್ಡ್ ಪ್ರತಿಪಾದಿಸಿದ ಮೇಲೆ, 1913ರಲ್ಲಿ ಬೋರ್ ಮೂರು ಭಾಗಗಳ ಪ್ರಬಂಧವನ್ನು ಪ್ರಕಟಿಸಿ ಇಲೆಕ್ಟ್ರಾನುಗಳನ್ನು ಉಂಗುರಗಳಲ್ಲಿ ಇರಿಸಿದರು. ಆದರೆ ಆ ಪ್ರಬಂಧದಲ್ಲಿ ನೈಟ್ರೋಜನ್ನಿಗೆ ಒಳಗೆ ನಾಲ್ಕು, ಹೊರಗೆ ಮೂರು. ನಿಯಾನಿಗೆ ಒಳಗೆ ಎಂಟು, ಹೊರಗೆ ಎರಡು. ಇಂದಿನ ವಿದ್ಯಾರ್ಥಿ ಹಾಗೆ ಬರೆದರೆ ಶೂನ್ಯವೇ ಗತಿ. ಎರಡು, ಎಂಟು ಎಂಬ ಈಗಿನ ಎಣಿಕೆ ಬಹುಮಟ್ಟಿಗೆ ರಸಾಯನದ ಅನುಭವದಿಂದ ಬಂದುದು: 1916ರಲ್ಲಿ ಲೂಯಿಸ್ ಮತ್ತು ಕೊಸೆಲ್, 1919ರಲ್ಲಿ ಲ್ಯಾಂಗ್‌ಮ್ಯೂರ್, ಯಾವ ಧಾತು ಯಾವುದರೊಡನೆ ಎಷ್ಟೆಷ್ಟು ಪ್ರಮಾಣದಲ್ಲಿ ಕೂಡುತ್ತದೆ ಎಂಬುದನ್ನು ನೋಡಿ ಅದನ್ನು ಸ್ಥಿರಗೊಳಿಸಿದರು. ಎಂದರೆ, ಶಾಲೆಯ ಚಿತ್ರದಲ್ಲಿ ವೃತ್ತ ಭೌತಶಾಸ್ತ್ರಜ್ಞನದು, ಅದರ ಮೇಲಿನ ಲೆಕ್ಕ ರಸಾಯನಶಾಸ್ತ್ರಜ್ಞನದು. ಇವೆರಡೂ ಬೇರೆ ಬೇರೆ ಉದ್ದೇಶಕ್ಕೆ ಹುಟ್ಟಿದವೆಂಬುದನ್ನು ಮರೆತದ್ದೇ ತೊಡಕಿನ ಮೂಲ.

ವೃತ್ತಗಳನ್ನು ಭಾವಚಿತ್ರವೆಂದು ಬಗೆದರೆ ಏನಾಗುತ್ತದೆ? ಹೈಡ್ರೋಜನ್ನಿನ ನ್ಯೂಕ್ಲಿಯಸ್ಸನ್ನು ಒಂದು ಮಿಲಿಮೀಟರ್ ಅಗಲದ ಚುಕ್ಕಿಯಾಗಿ ಬರೆದರೆ, ಬೋರ್ ಅವರ ಲೆಕ್ಕದಂತೆ ಮೊದಲ ವೃತ್ತವನ್ನು ಸುಮಾರು 31 ಮೀಟರು ದೂರದಲ್ಲಿ ಎಳೆಯಬೇಕು. ಶಾಲೆಯ ಅಂಗಳವೂ ಸಾಲದು. ಅವರ ಹೈಡ್ರೋಜನ್ನಿನಲ್ಲಿ ವೃತ್ತಗಳ ತ್ರಿಜ್ಯಗಳು ಒಂದು, ನಾಲ್ಕು, ಒಂಬತ್ತು ಎಂಬ ಪ್ರಮಾಣದಲ್ಲಿ ಹಿಗ್ಗುತ್ತವೆ. ಪುಸ್ತಕದಲ್ಲಿ ಅವು ಸಮಾನ ಅಂತರದಲ್ಲಿ ನಿಂತಿವೆ. ಸೋಡಿಯಮ್ಮಿನಲ್ಲಿ ಹನ್ನೊಂದು ಧನಾಂಶಗಳ ಸೆಳೆತಕ್ಕೆ ಸಿಕ್ಕಿದ ಒಳಗಿನ ಎರಡು ಇಲೆಕ್ಟ್ರಾನುಗಳು ಹೈಡ್ರೋಜನ್ನಿನ ಇಲೆಕ್ಟ್ರಾನಿಗಿಂತ ಸುಮಾರು ಹತ್ತು ಪಟ್ಟು ಹತ್ತಿರದಲ್ಲಿವೆ. ಪುಸ್ತಕದಲ್ಲಿ ಎಲ್ಲ ಧಾತುಗಳ ಮೊದಲ ವೃತ್ತವೂ ಒಂದೇ ಅಳತೆಯದು. ಇವೆಲ್ಲ ಮುದ್ರಣದ ಅನಿವಾರ್ಯತೆಗಳೆಂದು ಕ್ಷಮಿಸಬಹುದು. ಕ್ಷಮಿಸಲಾಗದ ಮಾತು ಬೇರೆ: ಇಲೆಕ್ಟ್ರಾನು ಗ್ರಹದಂತೆ ಗೊತ್ತಾದ ದಾರಿಯಲ್ಲಿ ಸುತ್ತುವುದೇ ಇಲ್ಲ. 1926ರ ಷ್ರೋಡಿಂಗರ್ ಸಮೀಕರಣ, ಅದೇ ವರ್ಷ ಮ್ಯಾಕ್ಸ್ ಬಾರ್ನ್ ಅದಕ್ಕೆ ಕೊಟ್ಟ ಸಂಭಾವ್ಯತೆಯ ವ್ಯಾಖ್ಯಾನ, 1927ರ ಹೈಸನ್‌ಬರ್ಗ್ ಅನಿಶ್ಚಿತತಾ ತತ್ತ್ವ, ಇವು ಆ ದಾರಿಯನ್ನು ಅಳಿಸಿಹಾಕಿದವು. ಅತ್ಯಂತ ಸರಳವಾದ ಹೈಡ್ರೋಜನ್ನಿನಲ್ಲಿ ಕೂಡ, ಕನಿಷ್ಠ ಶಕ್ತಿಯ ಸ್ಥಿತಿಯಲ್ಲಿ ಇಲೆಕ್ಟ್ರಾನಿನ ಪರಿಭ್ರಮಣದ ಕೋನೀಯ ಸಂವೇಗ ಸೊನ್ನೆ. ಸುತ್ತುವುದೇ ಇಲ್ಲದ ಮೇಲೆ ವೃತ್ತವೆಲ್ಲಿಯದು?

ಇನ್ನು ಚುಕ್ಕಿಯ ವಿಚಾರ. ಅಮೆರಿಕದ ಗಿಲ್ಬರ್ಟ್ ಲೂಯಿಸ್ 1902ರಲ್ಲಿ, ಪ್ರಾರಂಭದ ತರಗತಿಗೆ ಧಾತುಗಳ ಸಂಯೋಗ ನಿಯಮಗಳನ್ನು ವಿವರಿಸುವ ಪ್ರಯತ್ನದಲ್ಲಿ, ಪರಮಾಣುವನ್ನು ಒಂದು ಘನಾಕೃತಿಯಾಗಿ ಬರೆದುಕೊಂಡರು; ಘನದ ಎಂಟು ಮೂಲೆಗಳು ಎಂಟು ಇಲೆಕ್ಟ್ರಾನುಗಳ ನೆಲೆ. ಆರಂಭಿಕರಿಗೆ ಪಾಠ ಹೇಳುವ ಅಗತ್ಯದಿಂದಲೇ ಒಂದು ಸಿದ್ಧಾಂತ ಮೊಳೆತದ್ದು ಗಮನಾರ್ಹ. 1916ರ ಪ್ರಬಂಧದಲ್ಲಿ ಅವರು ಇನ್ನೂ ಮುಂದೆ ಹೋದರು. ಎರಡು ಘನಗಳು ಒಂದು ಅಂಚನ್ನು ಹಂಚಿಕೊಂಡರೆ ಏಕಬಂಧ, ಒಂದು ಮುಖವನ್ನು ಹಂಚಿಕೊಂಡರೆ ದ್ವಿಬಂಧ. ತ್ರಿಬಂಧಕ್ಕೆ ಮಾತ್ರ ಘನದಲ್ಲಿ ಎಡೆಯಿಲ್ಲ. ಇದನ್ನು ಕಂಡುಕೊಂಡ ಲೂಯಿಸ್ ತಮ್ಮ ಘನದ ಮೋಹವನ್ನು ಬಿಟ್ಟು, ಬಂಧವೆಂದರೆ ಎರಡು ಪರಮಾಣುಗಳು ಹಂಚಿಕೊಂಡ ಇಲೆಕ್ಟ್ರಾನ್ ಜೋಡಿ ಎಂದು ಸಾರಿ, ಸಂಕೇತದ ಸುತ್ತ ಚುಕ್ಕಿಗಳನ್ನಿಡುವ ಬರವಣಿಗೆಯನ್ನು ಬಳಕೆಗೆ ತಂದರು. ಈ ಬರಹದಲ್ಲಿ ಸಂಕೇತಾಕ್ಷರ ನ್ಯೂಕ್ಲಿಯಸ್ಸು ಮತ್ತು ಒಳಗಿನ ಇಲೆಕ್ಟ್ರಾನುಗಳನ್ನು ಕೂಡಿಸಿದ ತಿರುಳು. ಚುಕ್ಕಿಗಳು ವ್ಯವಹಾರಕ್ಕೆ ಒದಗುವ ಹೊರಗಿನ ಇಲೆಕ್ಟ್ರಾನುಗಳು ಮಾತ್ರ. ಅದು ದೂರವನ್ನು ಹೇಳುವುದಿಲ್ಲ, ದಾರಿಯನ್ನು ತೋರಿಸುವುದಿಲ್ಲ, ಚಲನೆಯ ಸುದ್ದಿಗೇ ಹೋಗುವುದಿಲ್ಲ. ರಂಗೋಲಿಯ ಚುಕ್ಕಿ ರೇಖೆಯಲ್ಲ. ರೇಖೆ ಎಲ್ಲಿ ಹಾಯಬೇಕೆಂಬುದರ ಗುರುತು ಅಷ್ಟೆ. ಲೂಯಿಸರ ಚುಕ್ಕಿಯೂ ಅಂತಹುದೇ. ತಿಳಿಯದುದನ್ನು ಹೇಳಹೋಗದ ಈ ಸಂಯಮವೇ ಅದರ ಹಿರಿಮೆ. ಆದುದರಿಂದಲೇ ಬೋರ್ ಅವರ ಕಕ್ಷೆ 1926ರಲ್ಲಿ ಬಿದ್ದುಹೋದರೂ ಲೂಯಿಸರ ಚುಕ್ಕಿ ನೂರು ವರ್ಷ ಕಳೆದ ಮೇಲೂ ರಸಾಯನಶಾಸ್ತ್ರಜ್ಞನ ಕೈಬರಹದಲ್ಲಿ ಉಳಿದಿದೆ.

ಹಾಗಾದರೆ ಇದು ಲೆಕ್ಕದ ಪುಟ. ಲೆಕ್ಕದ ಪುಟವನ್ನು ಲೆಕ್ಕವಾಗಿಯೇ ಓದಬೇಕು. ಸೋಡಿಯಮ್ಮಿನಿಂದ ಕ್ಲೋರಿನ್ನಿಗೆ ಬಾಣವೊಂದನ್ನು ಎಳೆದು, ಸೋಡಿಯಂ ತನ್ನ ಒಂದು ಇಲೆಕ್ಟ್ರಾನನ್ನು ದಾನಮಾಡಿ ತೃಪ್ತಿಹೊಂದುತ್ತದೆ ಎಂದು ಬೋಧಿಸುವ ಪದ್ಧತಿಯಿದೆ. ಜಮಾಖರ್ಚು ಇದನ್ನು ಒಪ್ಪುವುದಿಲ್ಲ. ಅನಿಲರೂಪದ ಸೋಡಿಯಂ ಪರಮಾಣುವಿನಿಂದ ಇಲೆಕ್ಟ್ರಾನನ್ನು ಕಿತ್ತುಕೊಳ್ಳಲು ಮೋಲ್ ಒಂದಕ್ಕೆ ಸುಮಾರು 496 ಕಿಲೋಜೂಲ್ ಶಕ್ತಿಯನ್ನು ವೆಚ್ಚ ಮಾಡಬೇಕು. ಕ್ಲೋರಿನ್ ಪರಮಾಣು ಅದನ್ನು ಸ್ವೀಕರಿಸಿದಾಗ ಮರಳಿ ಬರುವುದು ಸುಮಾರು 349 ಮಾತ್ರ. 147 ಕಿಲೋಜೂಲ್ ಕೊರತೆ ಉಳಿಯಿತು. ಈ ಕೊರತೆಯನ್ನು ತುಂಬುವುದು ಎಂಟರ ತೃಪ್ತಿಯಲ್ಲ. ವಿರುದ್ಧ ವಿದ್ಯುದಂಶದ ಅಯಾನುಗಳು ಒಂದನ್ನೊಂದು ಸೆಳೆದು ಉಪ್ಪಿನ ಹರಳಾಗಿ ಒಟ್ಟುಗೂಡುವಾಗ ಬಿಡುಗಡೆಯಾಗುವ ಸುಮಾರು 787 ಕಿಲೋಜೂಲ್. ಎರಡೇ ಪರಮಾಣುಗಳ ಚಿತ್ರ ಬರೆದು ನಿಲ್ಲಿಸಿದವನು ಖಾತೆಯ ಖರ್ಚಿನ ಕಡೆಯನ್ನು ತೋರಿಸಿ ಜಮೆಯ ಕಡೆಯನ್ನು ಮುಚ್ಚಿಟ್ಟಂತಾಯಿತು. ಒಂದರ ಇಲೆಕ್ಟ್ರಾನಿಗೆ ಚುಕ್ಕಿ, ಇನ್ನೊಂದರದಕ್ಕೆ ಕತ್ತರಿ ಗುರುತು ಹಾಕುವ ಕ್ರಮವೂ ಹೀಗೆಯೇ. ಆ ಗುರುತು ಯಾವ ಮನೆಯಿಂದ ಬಂತು ಎಂಬುದರ ದಾಖಲೆ. ಎರಡು ಜಾತಿಯ ಇಲೆಕ್ಟ್ರಾನುಗಳುಂಟೆಂದು ಅರ್ಥವಲ್ಲ. ಬಂಧವಾದ ಮೇಲೆ ಯಾವುದು ಯಾರದೆಂದು ಗುರುತಿಸುವಂತೆಯೇ ಇಲ್ಲ.

ಲೆಕ್ಕಕ್ಕೂ ಒಂದು ಮೇರೆಯಿದೆ. ಒಂದೊಂದು ಕವಚದ ಗರಿಷ್ಠ ಸಂಖ್ಯೆ 2, 8, 18 ಎಂದು ಕಲಿತ ಬಾಲಕ ಪೊಟ್ಯಾಸಿಯಮ್ಮಿಗೆ 2, 8, 9 ಎಂದು ಬರೆದರೆ ಅದು ತಪ್ಪಾಗುತ್ತದೆ. 2, 8, 8, 1 ಎಂಬುದು ಸರಿ. ಹೊರಕವಚದಲ್ಲಿ ಎಂಟಕ್ಕಿಂತ ಹೆಚ್ಚು ಕೂಡದೆಂಬ ಎರಡನೆಯ ನಿಯಮವನ್ನು ಆಗ ತೇಪೆಯಾಗಿ ಹಚ್ಚಲಾಗುತ್ತದೆ. ಇಪ್ಪತ್ತೊಂದನೆಯ ಸ್ಕ್ಯಾಂಡಿಯಮ್ಮಿನಲ್ಲಿ ಹೊಸ ಇಲೆಕ್ಟ್ರಾನು ಮತ್ತೆ ಒಳಗಿನ ಕವಚವನ್ನು ಸೇರಿ 2, 8, 9, 2 ಆಗುತ್ತದೆ. ಇದಕ್ಕೆ ವೃತ್ತಗಳಲ್ಲಿ ಉತ್ತರವಿಲ್ಲ. ಪಠ್ಯಪುಸ್ತಕದ ಪಟಗಳು ಹದಿನೆಂಟಕ್ಕೋ ಇಪ್ಪತ್ತಕ್ಕೋ ನಿಂತುಹೋಗುವುದು ಅನುಕೂಲಕರ. ಚುಕ್ಕಿಗಳಿಗೂ ಇಂಥ ಸೋಲು ತಪ್ಪಿದ್ದಲ್ಲ. ಆಮ್ಲಜನಕದ ಅಣುವನ್ನು ದ್ವಿಬಂಧದಿಂದ ಬರೆದರೆ ಎಲ್ಲ ಇಲೆಕ್ಟ್ರಾನುಗಳೂ ಜೋಡಿಯಾಗಿ ಕೂರುತ್ತವೆ. ಹಾಗಿದ್ದರೆ ಅಯಸ್ಕಾಂತಕ್ಕೆ ಅದು ಮಣಿಯಬಾರದು. ಆದರೆ ದ್ರವ ಆಮ್ಲಜನಕವನ್ನು ಬಲವಾದ ಅಯಸ್ಕಾಂತದ ಧ್ರುವಗಳ ನಡುವೆ ಸುರಿದರೆ ಅದು ಅಲ್ಲಿಯೇ ತೂಗಿ ನಿಲ್ಲುತ್ತದೆ. ಅದರಲ್ಲಿ ಜೋಡಿಯಾಗದ ಇಲೆಕ್ಟ್ರಾನುಗಳೆರಡಿವೆ. ಪುಟದ ಲೆಕ್ಕಕ್ಕೂ ಪೆಟ್ಟಿಗೆಯ ಹಣಕ್ಕೂ ತಾಳೆಯಾಗದಾಗ ಸುಳ್ಳಾಗುವುದು ಪುಟವೇ.

ಹಾಗೆಂದು ವೃತ್ತಗಳನ್ನು ತೆಗೆದುಹಾಕಿ ಮೊದಲ ದಿನವೇ ಸಂಭಾವ್ಯತೆಯ ಮೋಡಗಳನ್ನು ತೋರಿಸಬೇಕೆಂಬ ವಾದ ಒಪ್ಪತಕ್ಕುದಲ್ಲ. ಸಂಭಾವ್ಯತೆಯ ಗಣಿತವರಿಯದ ಬಾಲಕ ಆ ಮೋಡವನ್ನೂ ಭಾವಚಿತ್ರವೆಂದೇ ತಿಳಿದು, ಇಲೆಕ್ಟ್ರಾನು ಹಿಂಜಿದ ಅರಳೆಯಂತಿದೆ ಎಂದುಕೊಳ್ಳುವನು. ಒಂದು ತಪ್ಪು ಹೋಗಿ ಇನ್ನೊಂದು ಬಂದಂತಾಯಿತು. ಜೊತೆಗೆ ಎಣಿಸುವ ಅನುಕೂಲವೂ ಕೈಬಿಟ್ಟಿತು. ದೋಷ ಚಿತ್ರದಲ್ಲಿರುವುದಕ್ಕಿಂತ ಚಿತ್ರವನ್ನು ಓದಿಸುವ ಮಾತಿನಲ್ಲಿ ಹೆಚ್ಚಾಗಿದೆ.

ಇಲ್ಲಿ ಕನ್ನಡದ ಹೊಣೆ ಬರುತ್ತದೆ. ಕಕ್ಷೆ ಎಂಬುದು ಜ್ಯೋತಿಷ ಸಿದ್ಧಾಂತಗಳಿಂದ ಬಂದ ಮಾತು. ಗ್ರಹಗತಿಯ ನೆನಪನ್ನು ಅದು ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ. ಕವಚವೆಂದರೆ ಮೈಗಂಟಿದ ಗಟ್ಟಿ ಹೊದಿಕೆ. ಕವಚವೆಂದೊಡನೆ ಕರ್ಣನನ್ನು ನೆನೆಯುವ ಜನಕ್ಕೆ ಸೋಡಿಯಮ್ಮಿನ ದಾನದ ಕಥೆ ಇನ್ನಷ್ಟು ಸಲೀಸಾಗಿ ಒಪ್ಪಿಗೆಯಾಗುವುದರಲ್ಲಿ ಆಶ್ಚರ್ಯವಿಲ್ಲ. 1932ರಲ್ಲಿ ಮುಲ್ಲಿಕನ್ ಇಂಗ್ಲಿಷಿನ ಆರ್ಬಿಟ್ ಎಂಬ ಮಾತಿಗೆ ಬಾಲ ಸೇರಿಸಿ ಆರ್ಬಿಟಲ್ ಎಂಬ ಹೊಸ ಪದವನ್ನು ಟಂಕಿಸಿದರು. ಹಿಂದಿಯವರು ಅದನ್ನು ಅನುಸರಿಸಿ ಕಕ್ಷಕವೆಂದರು. ಕನ್ನಡವೂ ಅದೇ ಜಾಡು ಹಿಡಿದರೆ, ದಾರಿಯಿಂದ ಸಂಭಾವ್ಯತೆಗೆ ಆದ ಮಹಾ ಪರಿವರ್ತನೆ ಒಂದು ಅಕ್ಷರದ ವ್ಯತ್ಯಾಸದಲ್ಲಿ ಹೂತುಹೋಗುತ್ತದೆ. ಶಾಲೆಯಲ್ಲಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಕಲಿತುದನ್ನು ಮನೆಯಲ್ಲಿ ಕನ್ನಡದಲ್ಲಿ ಬಿಡಿಸಿ ಹೇಳಬೇಕಾದ ಹೊರನಾಡಿನ ತಂದೆತಾಯಿಗಳಿಗೆ ಇದು ಪಂಡಿತರ ಪದಚರ್ಚೆಯಷ್ಟೇ ಆಗಿ ಉಳಿಯದು. ವೃತ್ತವನ್ನು ಕಕ್ಷೆಯೆನ್ನದೆ ಶಕ್ತಿಯ ಮೆಟ್ಟಿಲು ಎಂದರೆ ಅರ್ಥ ಕೆಡುವುದಿಲ್ಲ, ಭ್ರಮೆ ಕಡಮೆಯಾಗುತ್ತದೆ. ಮೆಟ್ಟಿಲಿನ ಮೇಲೆ ಯಾರೂ ಸುತ್ತುವುದಿಲ್ಲ. ನಡುವೆ ನಿಲ್ಲಲು ಎಡೆಯೂ ಇಲ್ಲ.

ಪಿ.ಯು.ಸಿ. ತರಗತಿಗೆ ಬಂದ ವಿದ್ಯಾರ್ಥಿಗೆ ಹಿಂದೆ ಕಲಿತುದನ್ನೆಲ್ಲ ಮರೆಯಬೇಕೆಂದು ಹೇಳುವುದು ಅನೇಕ ಕಡೆಗಳಲ್ಲಿ ಕೇಳಿಬರುವ ಮಾತು. ಮರೆಯಬೇಕಾದುದನ್ನು ಕಲಿಸಿದ ಶಾಸ್ತ್ರದಲ್ಲಿ ಯಾರಿಗೆ ವಿಶ್ವಾಸ ಉಳಿದೀತು? ಚಿತ್ರದ ಅಡಿಯಲ್ಲಿ ಮೂರು ವಾಕ್ಯಗಳಿದ್ದರೆ ಈ ಅವಿಶ್ವಾಸಕ್ಕೆ ಆಸ್ಪದವಿರಲಾರದು: ಇದು ಎಣಿಕೆಗಾಗಿ ಬರೆದುದು, ಅಳತೆ, ಆಕಾರ, ಚಲನೆಗಳನ್ನು ಇದರಿಂದ ತಿಳಿಯಬಾರದು, ಇಪ್ಪತ್ತನೆಯ ಧಾತುವಿನಾಚೆಗೆ ಈ ಕ್ರಮ ಸಾಲದು. ಹಾಗೆಯೇ, ಸೋಡಿಯಮ್ಮಿನ ಚಿತ್ರ ಬರೆಯಿರಿ ಎಂಬ ಪ್ರಶ್ನೆಯ ಜೊತೆಗೆ, ಈ ಚಿತ್ರದಿಂದ ತಿಳಿಯಲಾಗದ ಎರಡು ಸಂಗತಿಗಳನ್ನು ಹೇಳಿರಿ ಎಂಬ ಪ್ರಶ್ನೆಯೂ ಪರೀಕ್ಷೆಯಲ್ಲಿ ಇರತಕ್ಕದ್ದು. ತ್ರಿಬಂಧಕ್ಕೆ ಎಡೆಗೊಡದ ತಮ್ಮ ಘನವನ್ನು ಲೂಯಿಸ್ ಬದಿಗಿಟ್ಟುದನ್ನು ಇದೇ ಪಾಠದಲ್ಲಿ ಒಂದು ಪ್ಯಾರಾ ಸೇರಿಸಿ ಹೇಳಿದರೆ, ಚಿತ್ರವನ್ನು ಎಲ್ಲಿಯವರೆಗೆ ನಂಬಬೇಕೆಂಬುದನ್ನು ವಿದ್ಯಾರ್ಥಿ ಚಿತ್ರದೊಡನೆಯೇ ಕಲಿತಾನು.