ಪ್ರಶ್ನೆಗಳನ್ನೂ ಪರೀಕ್ಷಿಸುವ ಕಾನ್‌ಕ್ವೆಸ್ಟ್
ಪರೀಕ್ಷೆ ಮಕ್ಕಳನ್ನು ಅಳೆಯುತ್ತದೆ, ಸರಿ; ಪರೀಕ್ಷೆಯನ್ನೇ ಅಳೆಯುವವರು ಯಾರು? ಆಸ್ಟ್ರೇಲಿಯದ ಎಸಿಇಆರ್ ಸಂಸ್ಥೆಯ ಕಾನ್‌ಕ್ವೆಸ್ಟ್ ತಂತ್ರಾಂಶ ನನಗೆ ಅಚ್ಚುಮೆಚ್ಚಾಗಿರುವುದು ಈ ಕೆಲಸಕ್ಕೇ. ಪೀಸಾ ಎಂಬ ಅಂತರರಾಷ್ಟ್ರೀಯ ವಿದ್ಯಾರ್ಥಿ ಪರೀಕ್ಷೆಯ 2000ರಿಂದ 2012ರವರೆಗಿನ ಸುತ್ತುಗಳ ಲೆಕ್ಕಾಚಾರ ನಡೆದದ್ದು ಇದರಲ್ಲೇ.

ಆ ಸುತ್ತುಗಳಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಇರುತ್ತಿರಲಿಲ್ಲ. ಪ್ರಶ್ನೆಗಳ ಗುಂಪುಗಳನ್ನು ಹಲವು ಪುಸ್ತಿಕೆಗಳಿಗೆ ಹಂಚಿರುತ್ತಿದ್ದರು. ಒಂದೇ ಗುಂಪು ಬೇರೆ ಬೇರೆ ಪುಸ್ತಿಕೆಗಳಲ್ಲೂ ಬರುತ್ತಿತ್ತು. ಡೆನ್ಮಾರ್ಕಿನ ಗಣಿತಜ್ಞ ಗೇಆರ್ಗ್ ರಾಶ್ 1960ರ ಪುಸ್ತಕದಲ್ಲಿ ಮಂಡಿಸಿದ ಮಾದರಿಯ ಬಲದಿಂದ, ಆ ಕೊಂಡಿ ಹಿಡಿದು, ತಂತ್ರಾಂಶ ಎಲ್ಲ ಮಕ್ಕಳನ್ನೂ ಪ್ರಶ್ನೆಗಳನ್ನೂ ಒಂದೇ ಅಳತೆಗೋಲಿನ ಮೇಲೆ ತರುತ್ತಿತ್ತು.

ಈ ತಂತ್ರಾಂಶ ಬಿಡಿಸುವ ನಕ್ಷೆಯನ್ನು ನೋಡಬೇಕು. ನಡುವೆ ಲಂಬಗೆರೆ. ಎಡಕ್ಕೆ ಎಕ್ಸ್ ಅಕ್ಷರಗಳು, ಅವು ಮಕ್ಕಳು. ಬಲಕ್ಕೆ ಪ್ರಶ್ನೆಗಳ ಸಂಖ್ಯೆ. ಕಠಿಣವಾದವು ಮೇಲೆ, ಸುಲಭವಾದವು ಕೆಳಗೆ. ಎಕ್ಸ್‌ಗಳು ಕೆಳಗೆ ಕಿಕ್ಕಿರಿದಿದ್ದು ಅವುಗಳೆದುರು ಬಲಬದಿ ಖಾಲಿಯಿದ್ದರೆ, ಕಲಿಕೆಯಲ್ಲಿ ಹಿಂದಿರುವ ಮಕ್ಕಳ ಬಗ್ಗೆ ಈ ಪರೀಕ್ಷೆ ಹೆಚ್ಚೇನೂ ಹೇಳಲಾರದು ಎಂಬುದು ಕಣ್ಣಿಗೇ ಹೊಡೆಯುತ್ತದೆ. ಎಂಥ ಪ್ರಾಮಾಣಿಕ ಚಿತ್ರ!

ಒಟ್ಟಾರೆ ಚೆನ್ನಾಗಿ ಬರೆದವರೇ ಒಂದು ಪ್ರಶ್ನೆಯಲ್ಲಿ ಸಾಲಾಗಿ ಎಡವಿದ್ದರೆ ಅದೂ ಅಂಕಿಗಳಲ್ಲಿ ಬಯಲಾಗುತ್ತದೆ. ಆಗ ಅನುಮಾನಿಸಬೇಕಾದದ್ದು ಮಕ್ಕಳನ್ನಲ್ಲ, ಕೀ ಉತ್ತರವನ್ನು.